ದುಬಾರಿ ಏರಿಯಾಗೆ ಹೋಗಬೇಕು, ನಾಲ್ಕು ಜನರ ಸಂಸಾರಕ್ಕೆ ಎಷ್ಟು ಸಂಬಳ ಇದ್ದರೆ ನೆಮ್ಮದಿ?

ಇಬ್ಬರು ಮಕ್ಕಳ ತಾಯಿ:

ಎಲ್ಲರಿಗೂ ನಮಸ್ಕಾರ. ನಮ್ಮವರಿಗೆ ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ಕಿದೆ. ಆದರೆ ಆಫೀಸ್ ಇರುವ ಏರಿಯಾ ತುಂಬಾ ದುಬಾರಿ, ಬಾಡಿಗೆ ಇಲ್ಲಿಯದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿನೇ ಇದೆ. ನಾನೂ ಕೆಲಸಕ್ಕೆ ಹೋಗುತ್ತೇನೆ. ಮಗಳಿಗೆ 9 ವರ್ಷ, ಮಗನಿಗೆ 4.

ಬೇರೆ ಬೇರೆ ಕಡೆ ಇರುವವರಿಗೆ ಅರ್ಥ ಆಗಲಿ ಅಂತ ದುಡ್ಡಿನ ಮೊತ್ತ ಹೇಳದೆ, ಈಗ ಇಬ್ಬರದೂ ಸೇರಿ ಕೈಗೆ ಬರುವುದು 100 ಅಂತ ಇಟ್ಟುಕೊಂಡು ಬರೆಯುತ್ತೇನೆ. ಅವರದು 60, ನನ್ನದು 40. ಖರ್ಚು ಹೀಗಿದೆ: ಬಾಡಿಗೆ 20, ದಿನಸಿ ತರಕಾರಿ ಎಲ್ಲ ಸೇರಿ 18, ಸ್ಕೂಲ್ ಮತ್ತು ಡೇಕೇರ್ 15, ಓಡಾಟ 12, ಸಾಲದ ಕಂತು 10, ಕರೆಂಟು, ಫೋನು, ಔಷಧಿ, ಬಟ್ಟೆ ಇತ್ಯಾದಿ 15. ಉಳಿಯುವುದು 10.

ಅಲ್ಲಿ ಅವರಿಗೆ ತೆರಿಗೆ ಎಲ್ಲ ಕಳೆದು 85 ಬರುತ್ತದೆ. ನನಗೆ ಅಲ್ಲಿ ಕೆಲಸ ಸಿಕ್ಕರೆ 45 ಬರಬಹುದು, ಒಟ್ಟು 130. ಖರ್ಚು ವಿಚಾರಿಸಿದೆ. ಬಾಡಿಗೆ 42, ದಿನಸಿ 21, ಸ್ಕೂಲ್ ಡೇಕೇರ್ 27, ಓಡಾಟ 6, ಕಂತು ಅದೇ 10, ಇತರೆ 18. ಒಟ್ಟು 124. ಸಂಬಳ ಇಷ್ಟು ಏರಿದರೂ ಉಳಿಯುವುದು ಬರೀ 6, ಈಗಿಗಿಂತ ಕಮ್ಮಿ!

ಅವರ ಪರಿಚಯದವರೊಬ್ಬರು ಅಲ್ಲೇ ಒಬ್ಬರೇ ಇದ್ದಾರೆ. ನನಗೆ 60ರಲ್ಲೇ ಆರಾಮಾಗಿ ನಡೆಯುತ್ತದೆ, ನಿಮಗೆ 130 ಧಾರಾಳ ಆಯಿತು ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಇಂಥ ಕಡೆ ಸಂಸಾರ ನಡೆಸಿದವರು ಹೇಳಿ, ನಿಜವಾಗಿ ಎಷ್ಟು ಬೇಕು?

ಲೆಕ್ಕದ ಪುಸ್ತಕ:

ಮೊದಲು ಆ ಪರಿಚಯದವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕ ಬೇರೆ ಅಷ್ಟೇ. ಒಬ್ಬರ ಖರ್ಚಿನಿಂದ ಕುಟುಂಬದ ಖರ್ಚು ಅಂದಾಜು ಮಾಡಲು ಅರ್ಥಶಾಸ್ತ್ರದವರು ಒಂದು ಅಳತೆ ಬಳಸುತ್ತಾರೆ. ಮನೆಯ ಮೊದಲ ದೊಡ್ಡವರಿಗೆ 1, ಎರಡನೆಯವರಿಗೆ 0.5, 14 ವರ್ಷದೊಳಗಿನ ಪ್ರತಿ ಮಗುವಿಗೆ 0.3. ಯುರೋಪಿನ ಅಂಕಿಅಂಶಗಳಲ್ಲೂ ಇದೇ ಅಳತೆ ಇದೆ. ನಿಮ್ಮ ಮನೆಗೆ 1 + 0.5 + 0.3 + 0.3, ಅಂದರೆ 2.1. ಅವರ 60ನ್ನು 2.1ರಿಂದ ಗುಣಿಸಿದರೆ 126 ಬರುತ್ತದೆ. ನೀವು ವಿಚಾರಿಸಿ ಬರೆದಿರುವ 124 ಅದಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಅಂದರೆ ನಿಮ್ಮ ಅಂದಾಜು ಸರಿಯಾಗೇ ಇದೆ, ಅವರ ಮಾತಲ್ಲಿರುವ ಧಾರಾಳ ಮಾತ್ರ ನಿಮಗೆ ಸಿಗುವುದಿಲ್ಲ. ಡೇಕೇರ್ ಇರುವ ಮನೆಗೆ ಈ ಅಳತೆಯೂ ಸ್ವಲ್ಪ ಕಮ್ಮಿನೇ ಬೀಳುತ್ತದೆ.

ಇನ್ನು ಎಷ್ಟು ಬೇಕು ಅಂದರೆ, ಸಂಬಳದಿಂದ ಶುರು ಮಾಡಬೇಡಿ, ಖರ್ಚಿನಿಂದ ಹಿಂದಕ್ಕೆ ಬನ್ನಿ. ಖರ್ಚು 124. ಈಗಿನ ಹಾಗೆ ನೂರಕ್ಕೆ 10 ಉಳಿಯಬೇಕು ಅಂದರೆ 124 ಭಾಗಿಸು 0.9, ಸುಮಾರು 138. ನೂರಕ್ಕೆ 15 ಉಳಿಯಬೇಕು ಅಂದರೆ 146. 20 ಉಳಿಸುವ ಆಸೆ ಇದ್ದರೆ 155. ನನ್ನ ಪ್ರಕಾರ ಎರಡು ಮಕ್ಕಳಿರುವ ಮನೆಗೆ ನೆಮ್ಮದಿ ಅನ್ನುವುದು ಆ 146ರ ಆಸುಪಾಸಿನಲ್ಲಿ ಶುರುವಾಗುತ್ತದೆ. 130ರಲ್ಲಿ ತಿಂಗಳು ದಾಟುತ್ತದೆ, ನಿದ್ದೆ ಬರುವುದಿಲ್ಲ.

ಬಾಡಿಗೆ ಮನೆ:

ಬಾಡಿಗೆ ಸಂಬಳದ ಶೇ 30 ದಾಟಬಾರದು ಅನ್ನುತ್ತಾರಲ್ಲ, ಇವರದು 130ಕ್ಕೆ 42. ಶೇ 32 ಅಷ್ಟೇ. ಅಷ್ಟೊಂದು ಭಯ ಬೀಳುವಂಥದ್ದೇನಿದೆ?

ಲೆಕ್ಕದ ಪುಸ್ತಕ:

ಆ ಶೇ 30 ಎಲ್ಲಿಂದ ಬಂತು ಅಂತ ನೋಡಿದರೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಸರ್ಕಾರಿ ಬಾಡಿಗೆ ಮನೆಗಳಲ್ಲಿರುವ ಬಡವರಿಂದ ಆದಾಯದ ಶೇ 25ಕ್ಕಿಂತ ಜಾಸ್ತಿ ಬಾಡಿಗೆ ತೆಗೆದುಕೊಳ್ಳಬಾರದು ಅಂತ 1969ರಲ್ಲಿ ಕಾನೂನು ಮಾಡಿದರು. 1981ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದರು. ಅಲ್ಲಿಂದ ಅದು ಎಲ್ಲರ ಬಾಯಿಗೂ ಬಂತು. ಯುರೋಪಿನಲ್ಲಿ ಮನೆಯ ಖರ್ಚು ಶೇ 40 ದಾಟಿದರೆ ಮಾತ್ರ ಭಾರ ಅಂತ ಲೆಕ್ಕ. ಹಾಗಾಗಿ 30 ಅನ್ನುವುದು ಗಡಿ ಗೆರೆ ಅಲ್ಲ, ಒಂದು ಎಚ್ಚರಿಕೆ ಅಷ್ಟೇ.

ನೋಡಬೇಕಾದ್ದು ಬಾಡಿಗೆ ಕೊಟ್ಟ ಮೇಲೆ ಏನು ಉಳಿಯುತ್ತದೆ ಅಂತ. ಕೈಗೆ 300 ಬರುವವರು ಶೇ 40 ಬಾಡಿಗೆ ಕೊಟ್ಟರೂ ಅವರ ಹತ್ತಿರ 180 ಉಳಿಯುತ್ತದೆ. ಇವರಿಗೆ ಬಾಡಿಗೆ ಹೋಗಿ 88 ಉಳಿಯುತ್ತದೆ, ಅದರಲ್ಲಿ ಸ್ಕೂಲು, ಡೇಕೇರ್, ಕಂತು ಸೇರಿ 37 ಹೋಯಿತು. ಈ 37ರಲ್ಲಿ ಒಂದು ಪೈಸೆಯೂ ಈ ತಿಂಗಳು ಬೇಡ ಅಂತ ಮುಂದೂಡಲು ಆಗುವುದಿಲ್ಲ. ಉಳಿದ 51ರಲ್ಲಿ ದಿನಸಿ, ಓಡಾಟ, ಕರೆಂಟು, ಔಷಧಿ, ಆಮೇಲೆ ಮನೆಯಲ್ಲಿ ಏನಾದರೂ ಕೆಟ್ಟರೆ ಅದು. ಬಿಗಿ ಇರುವುದು ಅಲ್ಲಿ, ಆ 32ರಲ್ಲಿ ಅಲ್ಲ.

ಹಳೇ ಓದುಗ:

ನಾನು ಎರಡನೇ ಸಂಬಳದ ಬಗ್ಗೆ ಹೇಳಬೇಕು, ಯಾರೂ ಅದನ್ನು ಮುಟ್ಟಿಲ್ಲ. ಮೇಡಂ, ನಿಮ್ಮ 130ರಲ್ಲಿ 45 ಇನ್ನೂ ಬಂದಿಲ್ಲ. ನಿಮಗೆ ಅಲ್ಲಿ ಕೆಲಸ ಸಿಗಬೇಕು, ಅದೂ ಮಗನ ಸಮಯಕ್ಕೆ ಹೊಂದುವಂಥದ್ದು ಸಿಗಬೇಕು. 6 ತಿಂಗಳು ಹಿಡಿಯಿತು ಅಂದುಕೊಳ್ಳಿ. ನೀವು ಮನೆಯಲ್ಲಿದ್ದರೆ ಡೇಕೇರ್ ಬೇಡ, 27ರಲ್ಲಿ ಒಂದು 10 ಕಮ್ಮಿ ಆಗಬಹುದು. ಖರ್ಚು 114, ಬರುವುದು 85. ತಿಂಗಳಿಗೆ 29 ಕೊರತೆ, 6 ತಿಂಗಳಿಗೆ 174. ಅಂದರೆ ಈಗ ನಿಮ್ಮಿಬ್ಬರ ಹೆಚ್ಚೂ ಕಮ್ಮಿ ಎರಡು ತಿಂಗಳ ಸಂಬಳ ಬ್ಯಾಂಕಿನಲ್ಲಿ ಈಗಾಗಲೇ ಇರಬೇಕು, ಅದೂ ಮನೆಯ ಅಡ್ವಾನ್ಸ್, ಸಾಮಾನು ಸಾಗಿಸುವ ಲಾರಿ, ಸ್ಕೂಲಿನ ಅಡ್ಮಿಷನ್ ಫೀಸ್ ಎಲ್ಲ ಬಿಟ್ಟು.

ಇನ್ನೊಂದು ಲೆಕ್ಕ ನೋಡಿ. ಕಷ್ಟಕ್ಕೆ ಅಂತ ಕನಿಷ್ಠ 3 ತಿಂಗಳ ಖರ್ಚು ಪಕ್ಕಕ್ಕಿಡಬೇಕು ಅನ್ನುತ್ತಾರೆ. 124ರಂತೆ 372 ಆಯಿತು. ತಿಂಗಳಿಗೆ 6 ಉಳಿಸುತ್ತಾ ಹೋದರೆ ಅಷ್ಟು ಸೇರಲು 62 ತಿಂಗಳು, 5 ವರ್ಷ ದಾಟುತ್ತದೆ. ಅಷ್ಟು ವರ್ಷ ಯಾರಿಗೂ ಹುಷಾರು ತಪ್ಪಬಾರದು, ಯಾರ ಕೆಲಸವೂ ಹೋಗಬಾರದು. ಇದನ್ನು ನೆಮ್ಮದಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನನ್ನ ಕೇಳಿದರೆ, ದುಬಾರಿ ಜಾಗಕ್ಕೆ ಹೋಗುವವರು ಬಾಡಿಗೆ, ದಿನಸಿ, ಕಂತು ಈ ಮೂರಾದರೂ ಒಬ್ಬರ ಸಂಬಳದಲ್ಲಿ ನಡೆಯುವ ಹಾಗೆ ನೋಡಿಕೊಳ್ಳಬೇಕು. ನಿಮ್ಮಲ್ಲಿ ಅದು 73, ಅವರ ಸಂಬಳ 85. ಅಷ್ಟು ಮಟ್ಟಿಗೆ ಪರವಾಗಿಲ್ಲ. ಒಂದೇ ಸಂಬಳ ಬರುವ ತಿಂಗಳಲ್ಲಿ ಸ್ಕೂಲ್ ಫೀಸ್ ಮತ್ತು ಇತರೆ ಖರ್ಚಿನಲ್ಲಿ ಒಂದಿಷ್ಟು ಕೂಡಿಟ್ಟಿದ್ದರಿಂದ ಬರಬೇಕಾಗುತ್ತದೆ.

ಸಂಜೆ ಮನೆಗೆ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲರೂ ಹೋಗಬೇಡಿ ಅನ್ನುವ ಹಾಗೆ ಬರೆದಿದ್ದೀರಿ. ಓಡಾಟದ ಖರ್ಚು 12ರಿಂದ 6ಕ್ಕೆ ಇಳಿದಿದೆಯಲ್ಲ, ಅದರ ಹಿಂದೆ ಸಮಯವೂ ಇದೆ. ಮೇಡಂ, ನಿಮ್ಮವರು ಈಗ ದಿನಕ್ಕೆ ಎಷ್ಟು ಹೊತ್ತು ರಸ್ತೆಯಲ್ಲಿರುತ್ತಾರೆ ಬರೆದಿಲ್ಲ. ದಿನಕ್ಕೆ 2 ಗಂಟೆ ಉಳಿದರೂ, ತಿಂಗಳಿಗೆ 22 ದಿನ ಕೆಲಸ ಅಂದರೆ 44 ಗಂಟೆ ಆಯಿತು. ಒಂದು ವಾರದ ಕೆಲಸಕ್ಕಿಂತ ಜಾಸ್ತಿ ಹೊತ್ತು.

ನಮ್ಮ ಮನೆಯಲ್ಲಿ ನಾವು ಆಫೀಸ್ ಹತ್ತಿರ ಬಂದ ಮೇಲೆ ಬದಲಾದದ್ದು ಸಂಜೆ. ಮೊದಲು ನಾನು ಬಾಗಿಲು ತೆಗೆಯುವ ಹೊತ್ತಿಗೆ ಮಗಳು ಊಟ ಮಾಡಿ, ಹೋಮ್‌ವರ್ಕ್ ಪುಸ್ತಕ ಚೀಲಕ್ಕೆ ಹಾಕಿ, ಅರ್ಧ ನಿದ್ದೆಯಲ್ಲಿರುತ್ತಿದ್ದಳು. ಈಗ ಪಕ್ಕದಲ್ಲಿ ಕೂತು ಗಣಿತ ಮಾಡಿಸುತ್ತೇನೆ, ಅವಳು ಭಾಗಾಕಾರದಲ್ಲಿ ಎಲ್ಲಿ ಎಡವುತ್ತಾಳೆ ಅಂತ ನನಗೇ ಗೊತ್ತು. ಕೈಯಲ್ಲಿ ಉಳಿಯುವ ದುಡ್ಡು ಕಮ್ಮಿ ಆಗಿದೆ, ನಿಜ. ಆದರೂ ನಾವು ವಾಪಸ್ ಹೋಗುವುದಿಲ್ಲ. ಮಕ್ಕಳು 4 ಮತ್ತು 9ರಲ್ಲಿ ಇರುವಾಗ ಆ 44 ಗಂಟೆಗೆ ಇರುವ ಬೆಲೆ ಅವರು 16ಕ್ಕೆ ಬಂದಾಗ ಇರುವುದಿಲ್ಲ. ಇದನ್ನು ಸುಮ್ನೆ ಭಾವನೆಯ ಮಾತು ಅಂತ ತಳ್ಳಿ ಹಾಕಬೇಡಿ, ಇದೂ ಲೆಕ್ಕದೊಳಗೆ ಬರಬೇಕಾದ್ದೇ.

ಮತ್ತೆ ಡೇಕೇರ್ ಖರ್ಚು ಶಾಶ್ವತ ಅಲ್ಲ ಅಲ್ವಾ? ಮಗ ಪೂರ್ತಿ ಹೊತ್ತು ಸ್ಕೂಲಿಗೆ ಹೋಗಲು ಶುರು ಮಾಡಿದರೆ ಅದರಲ್ಲಿ ಒಂದಿಷ್ಟು ಇಳಿಯುತ್ತದೆ. ಬಿಗಿ ಇರುವುದು ಮೊದಲ ಎರಡು ಮೂರು ವರ್ಷ.

ಲೆಕ್ಕದ ಪುಸ್ತಕ:

ಡೇಕೇರ್ ಇಳಿಯುತ್ತದೆ ಅನ್ನುವುದು ಒಪ್ಪುತ್ತೇನೆ. ಸಮಯದ ಮಾತೂ ಸರಿ. ಆದರೆ ಅದೇ ಎರಡು ಮೂರು ವರ್ಷದಲ್ಲಿ ಬಾಡಿಗೆ ಏರುತ್ತದೆ, ಅದನ್ನೂ ನೋಡಿ. ವರ್ಷಕ್ಕೆ ಶೇ 8 ಏರಿದರೆ 42 ಇದ್ದದ್ದು 3 ವರ್ಷಕ್ಕೆ ಸುಮಾರು 53 ಆಗುತ್ತದೆ. ಸಂಬಳ ಶೇ 5ರಂತೆ ಏರಿದರೆ 130 ಇದ್ದದ್ದು 150 ಆಗುತ್ತದೆ. ಶೇ 32 ಇದ್ದ ಬಾಡಿಗೆ ಶೇ 35 ಆಯಿತು. ಬಾಯಲ್ಲೇ ಲೆಕ್ಕ ಹಾಕಲು 72ನ್ನು ಏರಿಕೆಯ ಶೇಕಡಾದಿಂದ ಭಾಗಿಸಿ. ಶೇ 8 ಆದರೆ ಸುಮಾರು 9 ವರ್ಷಕ್ಕೆ ಎರಡರಷ್ಟು, ಶೇ 6 ಆದರೆ 12 ವರ್ಷಕ್ಕೆ. ಹಾಗಾಗಿ ಕರಾರು ಪತ್ರದಲ್ಲಿ ವರ್ಷಕ್ಕೆ ಎಷ್ಟು ಏರಿಸುತ್ತಾರೆ ಅನ್ನುವುದನ್ನು ಬಾಡಿಗೆಯಷ್ಟೇ ಗಮನ ಕೊಟ್ಟು ಓದಿ, ಬರೆದಿಲ್ಲ ಅಂದರೆ ಬರೆಸಿಕೊಳ್ಳಿ.

ಬಾಡಿಗೆ ಮನೆ:

ಪಕ್ಕದ ಏರಿಯಾ ನೋಡಿದ್ದೀರಾ ಮೇಡಂ? ದುಬಾರಿ ಜಾಗದ ಒಳಗೇ ಇರಬೇಕು ಅಂತ ಏನಿಲ್ಲ. ಬಾಡಿಗೆ 42ರ ಬದಲು 34 ಆಗಿ, ಓಡಾಟ 6ರ ಬದಲು 10 ಆದರೂ ತಿಂಗಳಿಗೆ 4 ಉಳಿಯಿತು. ಆಗ ಉಳಿತಾಯ 6 ಇದ್ದದ್ದು 10 ಆಗುತ್ತದೆ. ಆದರೆ ಬಾಡಿಗೆ ಮತ್ತು ಓಡಾಟ ಎರಡನ್ನೂ ಒಟ್ಟಿಗೆ ಕೂಡಿಸಿ ನೋಡಿ. ತುಂಬಾ ಜನ ಬಾಡಿಗೆ ಕಮ್ಮಿ ಅಂತ ದೂರ ಹೋಗಿ, ಎರಡನೇ ಗಾಡಿ ಕೊಂಡು, ಉಳಿಸಿದ್ದನ್ನೆಲ್ಲ ಪೆಟ್ರೋಲಿಗೆ ಸುರಿಯುತ್ತಾರೆ.

ಇಬ್ಬರು ಮಕ್ಕಳ ತಾಯಿ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಇಬ್ಬರೂ ಕೂತು ಇದನ್ನೆಲ್ಲ ಓದಿದೆವು. ಅವರು ಈಗ ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ, ಅಲ್ಲಿ ಅರ್ಧ ಗಂಟೆ ಸಾಕು. ಹಾಗಾಗಿ ಸಂಜೆಯ ಬಗ್ಗೆ ಬರೆದದ್ದು ಓದಿ ಅವರು ಸುಮಾರು ಹೊತ್ತು ಮಾತೇ ಆಡಲಿಲ್ಲ.

ನನ್ನ 6 ತಿಂಗಳ ಸಂಬಳದ ಕೊರತೆ ನಾನು ಯೋಚನೆ ಮಾಡಿರಲೇ ಇಲ್ಲ, ಅದನ್ನು ತುಂಬುವಷ್ಟು ಉಳಿತಾಯ ಇದೆ, ಆದರೆ ಅಡ್ವಾನ್ಸ್ ಕೊಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ. ಸದ್ಯಕ್ಕೆ ತೀರ್ಮಾನ ಇಷ್ಟು: ಅವರು ಕಂಪನಿಯವರ ಹತ್ತಿರ ಮಾತಾಡುತ್ತಾರೆ. 85ನ್ನು 93 ಮಾಡಿದರೆ ಒಟ್ಟು 138 ಆಗುತ್ತದೆ, ಅದಕ್ಕೇ ಕೇಳುತ್ತೇವೆ. ಆಗದಿದ್ದರೆ ಮೊದಲ ಎರಡು ತಿಂಗಳ ಮನೆ ಮತ್ತು ಸಾಗಾಟದ ಖರ್ಚನ್ನಾದರೂ ಕೊಡಲು ಕೇಳುತ್ತೇವೆ. ಹಾಗೆ ಕೇಳುವುದು ತಪ್ಪಾಗುತ್ತದಾ? ಆಫರ್ ವಾಪಸ್ ತೆಗೆದುಕೊಂಡುಬಿಟ್ಟರೆ ಅಂತ ಅವರಿಗೆ ಭಯ.

ಹಳೇ ಓದುಗ:

ಮರ್ಯಾದೆಯಿಂದ ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆದುಕೊಳ್ಳುವವರು ತೀರಾ ಕಮ್ಮಿ, ಧೈರ್ಯವಾಗಿ ಕೇಳಲು ಹೇಳಿ. ಸಂಬಳ ಏರಿಸಲು ಕಂಪನಿಗಳಿಗೆ ಕಷ್ಟ, ಒಂದೇ ಸಲ ಕೊಡುವ ದುಡ್ಡು ಸುಲಭ. ಹಾಗಾಗಿ ಎರಡನೆಯದು ಸಿಗುವ ಸಾಧ್ಯತೆ ಜಾಸ್ತಿ. ಕೇಳುವಾಗ ಸುಮ್ನೆ ಜಾಸ್ತಿ ಬೇಕು ಅನ್ನದೆ, ಅಲ್ಲಿಯ ಬಾಡಿಗೆ ಮತ್ತು ಸ್ಕೂಲ್ ಫೀಸ್ ಮುಂದಿಟ್ಟು ಕೇಳಲಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಸೇರುವಾಗ ಕೊಡುವ ಬೋನಸ್, ಸಾಗಾಟದ ದುಡ್ಡು ಇಂಥದ್ದಕ್ಕೆಲ್ಲ ಎಷ್ಟೋ ಕಡೆ ಷರತ್ತು ಇರುತ್ತದೆ, ಒಂದು ಅಥವಾ ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ. ಎಷ್ಟು ತಿಂಗಳು, ಪೂರ್ತಿ ಕಟ್ಟಬೇಕಾ ಅಥವಾ ಉಳಿದ ತಿಂಗಳಿಗೆ ತಕ್ಕಷ್ಟಾ, ಕಂಪನಿಯೇ ಕೆಲಸದಿಂದ ತೆಗೆದರೂ ಕಟ್ಟಬೇಕಾ, ಇದನ್ನೆಲ್ಲ ಸಹಿ ಹಾಕುವ ಮುಂಚೆ ಕೇಳಿ ಬರಹದಲ್ಲಿ ತೆಗೆದುಕೊಳ್ಳಲಿ. ಮನೆಯ ಅಡ್ವಾನ್ಸ್ ಕೊಡುವುದು ಅದಾದ ಮೇಲೆ.