ಕುರಿ ಕಂಬಳಿ ತಿನ್ನುವುದಿಲ್ಲ

ಬಳ್ಳಾರಿಯ ಸಂಜೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಂದಿದ್ದರೆ ಜಗತ್ತಿನ ಯಾವ ವ್ಯಾಜ್ಯಕ್ಕೂ ನಾವು ತೀರ್ಪು ಕೊಡಬಲ್ಲೆವು. ಮೊನ್ನೆ ವಿರೂಪಣ್ಣ ಮಿರ್ಚಿ ತಟ್ಟೆಯ ಪಕ್ಕ ಒಂದು ಡಬ್ಬಿ ಇಟ್ಟ. ಒಂಬೈನೂರು ರೂಪಾಯಿಯ ಕೆರಾಟಿನ್ ಮಾತ್ರೆ. ಕೂದಲು, ಉಗುರು, ಚರ್ಮ ಮೂರಕ್ಕೂ ಒಂದೇ ಮದ್ದಂತೆ.

“ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನ್. ಉದುರಿದ್ದನ್ನು ತುಂಬಿಸಬೇಡವೇ?”

ಖಾಜಾಸಾಬರು ಕುರಿ ವ್ಯಾಪಾರದಲ್ಲಿ ಹಣ್ಣಾದವರು. ಕುರಿಯ ಹಲ್ಲು ನೋಡುವ ಹಾಗೆ ಡಬ್ಬಿಯನ್ನು ತಿರುಗಿಸಿ ನೋಡಿದರು. “ಕುರಿಯ ಮೈತುಂಬ ಇರುವುದೂ ಅದೇ ಅಲ್ಲವೇ? ಕಂಬಳಿ ತಿಂದು ಉಣ್ಣೆ ಬೆಳೆಸಿದ ಕುರಿಯನ್ನು ನಾನಂತೂ ಕಂಡಿಲ್ಲ. ಅದು ತಿನ್ನುವುದು ಹುಲ್ಲು, ಜಾಲಿಕಾಯಿ.”

ಶರಣಪ್ಪ ಮೇಷ್ಟ್ರಿಗೆ ಇಷ್ಟು ಸಾಕಿತ್ತು. “ಕೆರಾಟಿನ್‌ನಲ್ಲಿ ಗಂಧಕದ ಕೊಂಡಿಗಳಿವೆ, ನಮ್ಮ ಜಠರರಸಕ್ಕೆ ಜಗ್ಗುವುದಿಲ್ಲ. ಬೆಕ್ಕು ಕೂದಲನ್ನು ಉಂಡೆಕಟ್ಟಿ ಕಕ್ಕುವುದು ಅದಕ್ಕೇ. ಆದ್ದರಿಂದ ಮೊದಲೇ ತುಂಡರಿಸಿ ಪುಡಿ ಮಾಡಿ ಮಾರುತ್ತಾರೆ. ಹೊಟ್ಟೆ ಸೇರಿದ ಮೇಲೆ ಹೆಸರುಕಾಳಿನ ಪ್ರೋಟೀನಿನ ಹಾಗೆ ಅದೂ ಒಡೆದು ಅಮೈನೋ ಆಮ್ಲವೇ. ನೇರ ನೆತ್ತಿಗೆ ಹೋಗು ಎಂದು ವಿಳಾಸ ಬರೆದವರಾರು?”

“ಪುಡಿ ಯಾವುದರದು?”

“ಉಣ್ಣೆಯದು. ಕೋಳಿಪುಕ್ಕದ್ದೂ ಆದೀತು.”

ವಿರೂಪಣ್ಣನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ಮೊಟ್ಟೆ ಬೋಂಡಾ ಕರಿದ ಎಣ್ಣೆಯೇನಾದರೂ ಇದೆಯೇ ಎಂದು ಮೂರು ಸಲ ವಿಚಾರಿಸಿಕೊಂಡು ಬೆಂಚಿನ ಮೇಲೆ ಕುಳಿತ ಮನುಷ್ಯ ಅವನು! ಇಪ್ಪತ್ತು ದಿನದಿಂದ, ಅದೂ ಪೂಜೆ ಮುಗಿಸಿ, ನುಂಗುತ್ತಿದ್ದಾನೆ.

“ಉಣ್ಣೆ ಕತ್ತರಿಸಿದರೆ ಕುರಿ ಸಾಯುವುದಿಲ್ಲ, ಅದಕ್ಕೂ ಕ್ಷೌರವಷ್ಟೇ,” ಎಂದು ಖಾಜಾಸಾಬರು ಸಮಾಧಾನ ಹೇಳಿದರು. ಪುಕ್ಕದ ಬಗ್ಗೆ ಅವರೂ ಸುಮ್ಮನಾದರು.

ಮೇಷ್ಟ್ರು ಬಿಡಲಿಲ್ಲ. “ಮೂರು ತಿಂಗಳ ಹಿಂದೆ ನಿನಗೆ ಡೆಂಗಿ ಬಂದಿತ್ತಲ್ಲ? ದೊಡ್ಡ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತದೆ. ಸಾಮಾನ್ಯವಾಗಿ ತಾನೇ ಮರಳಿ ಬರುತ್ತದೆ. ಬಾರದಿದ್ದರೆ ರಕ್ತದ ಕಬ್ಬಿಣಾಂಶ, ಥೈರಾಯ್ಡ್ ನೋಡಿಸು. ಈ ಡಬ್ಬಿಯಲ್ಲಿ ಬಯೋಟಿನ್ ಎಂಬ ವಿಟಮಿನ್ ಕೂಡ ಇದೆ, ವೈದ್ಯರಿಗೆ ಮೊದಲೇ ಹೇಳು. ಅದು ಹೆಚ್ಚಾದರೆ ಥೈರಾಯ್ಡ್ ವರದಿಯೇ ತಪ್ಪು ಬರಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎಚ್ಚರಿಕೆ ಕೊಟ್ಟಿದೆ.”

“ಕೂದಲು ತಾನಾಗಿ ಬಂದರೂ ಹೆಸರು ಡಬ್ಬಿಗೇ,” ಎಂದರು ಖಾಜಾಸಾಬರು, ತಮ್ಮ ಬೋಳುತಲೆ ಸವರಿಕೊಳ್ಳುತ್ತ. “ಆಮೇಲೆ ನಾನೂ ಒಂದು ಕೊಳ್ಳಬೇಕಾಗುತ್ತದೆ.”

ವಿರೂಪಣ್ಣ ಮುಚ್ಚಳ ತೆಗೆದು ಮೂಸಿದ. ನಿನ್ನೆಯವರೆಗೆ ಏಲಕ್ಕಿಯ ಪರಿಮಳವಿತ್ತಂತೆ.

“ಮಳೆಯಲ್ಲಿ ನೆನೆದ ಕಂಬಳಿ,” ಎಂದು ಮುಖ ಹಿಂಡಿದ.