ಐಜಿಎ ನೆಫ್ರೋಪತಿ: ಲಕ್ಷಕ್ಕೆ ಎರಡೂವರೆ ಮಂದಿ ಎಂಬ ಲೆಕ್ಕವನ್ನು ನಂಬಬಹುದೇ?

ಶಿವಪ್ರಸಾದ್: ಐಜಿಎ ಎಂಬ ರೋಗನಿರೋಧಕ ಪ್ರೋಟೀನ್ ಕಿಡ್ನಿಯ ಸೋಸುವ ಭಾಗದಲ್ಲಿ ಶೇಖರವಾಗಿ ಅದನ್ನು ಕೆಡಿಸುವ ಕಾಯಿಲೆಯಾದ ಐಜಿಎ ನೆಫ್ರೋಪತಿಗೆ ಸರ್ಕಾರ ಪ್ರತ್ಯೇಕ ಯೋಜನೆ ರೂಪಿಸಬೇಕೆಂಬ ಬೇಡಿಕೆ ನನಗೆ ಒಪ್ಪಿಗೆಯಿಲ್ಲ. ಜಗತ್ತಿನ ಸರಾಸರಿ ತೆಗೆದರೆ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 2.5 ಮಂದಿಗೆ ಮಾತ್ರ ಈ ಕಾಯಿಲೆ ಹೊಸದಾಗಿ ಪತ್ತೆಯಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಕಿಡ್ನಿ ಕಳೆದುಕೊಳ್ಳುವವರೇ ಹೆಚ್ಚಿರುವಾಗ ಹಣ ಮೊದಲು ಅಲ್ಲಿಗೆ ಹೋಗಬೇಕು.

ವೀಣಾ_ತುಮಕೂರು: ‘ಪತ್ತೆಯಾಗುತ್ತದೆ’ ಎಂದಿರಲ್ಲ, ಹೇಗೆ ಪತ್ತೆಯಾಗುತ್ತದೆ ಎಂಬುದನ್ನೂ ಹೇಳಿ. ಕಿಡ್ನಿಯ ಬಯಾಪ್ಸಿ ಮಾಡಿ, ಅಂದರೆ ಸೂಜಿಯಿಂದ ಅದರ ಚೂರು ತೆಗೆದು, ಆ ಚೂರಿನ ಮೇಲೆ ಐಜಿಎಯನ್ನು ಹೊಳೆಯುವ ಬಣ್ಣದಿಂದ ಗುರುತಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ ನಡೆಸದೆ ಈ ಕಾಯಿಲೆಯನ್ನು ಖಚಿತಪಡಿಸಲಾಗದು. ನನ್ನ ತಮ್ಮನಿಗೆ ಗಂಟಲು ನೋವು ಬಂದ ಮರುದಿನವೇ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಊರಿನ ಕ್ಲಿನಿಕ್ಕಿನಲ್ಲಿ ಉಷ್ಣವೆಂದು ಹೇಳಿ ಎಳನೀರು ಕುಡಿಯಲು ತಿಳಿಸಿ ಕಳುಹಿಸಿದರು. ಬಯಾಪ್ಸಿ ಆಗುವ ಹೊತ್ತಿಗೆ, ಕಿಡ್ನಿ ಸೋತಂತೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿಯಾಗಿತ್ತು. ಇಂಥವರು ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ?

ಲ್ಯಾಬ್‌ಬೆಂಚ್: ವೀಣಾ ಅವರ ಮಾತಿಗೆ ಆಧಾರವಿದೆ. ಜಪಾನಿನಲ್ಲಿ ಕಸಿಗಾಗಿ ದಾನ ಬಂದ ಕಿಡ್ನಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರೆನಿಸಿಕೊಂಡ ದಾನಿಗಳ ಪೈಕಿ ಶೇ 16ರಷ್ಟು ಮಂದಿಯ ಕಿಡ್ನಿಯಲ್ಲಿ ಐಜಿಎ ಶೇಖರಣೆ ಕಂಡುಬಂದಿತ್ತು.

ಶಿವಪ್ರಸಾದ್: ‘ಆರೋಗ್ಯವಂತರು’ ಎಂದು ತಾವೇ ಬರೆದಿದ್ದೀರಿ. ಶೇಖರಣೆ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎನ್ನಲಾಗದು.

ಲ್ಯಾಬ್‌ಬೆಂಚ್: ಹಾಗಾದರೆ ಕಾಯಿಲೆ ಇರುವವರ ಗತಿಯನ್ನೇ ನೋಡೋಣ. ಬ್ರಿಟನ್ನಿನ ಅಪರೂಪದ ಕಿಡ್ನಿ ಕಾಯಿಲೆಗಳ ನೋಂದಣಿಯಿಂದ 2023ರಲ್ಲಿ ಬಂದ ವರದಿಯ ಪ್ರಕಾರ, ಸುಮಾರು 2,400 ರೋಗಿಗಳಲ್ಲಿ ಅರ್ಧದಷ್ಟು ಮಂದಿ ಕಿಡ್ನಿ ವೈಫಲ್ಯಕ್ಕೆ ತಲುಪಿದ್ದರು ಅಥವಾ ತೀರಿಕೊಂಡಿದ್ದರು. ವೈಫಲ್ಯದ ಸರಾಸರಿ ವಯಸ್ಸು 48. ಸಂಖ್ಯೆ ಸಣ್ಣದಿರಬಹುದು, ಆದರೆ ದುಡಿಯುವ ವಯಸ್ಸಿನವರನ್ನೇ ಹಿಡಿಯುವ ಕಾಯಿಲೆಯ ಹೊರೆಯನ್ನು ತಲೆ ಎಣಿಸಿ ತೂಗಲಾಗದು.

ಶಿವಪ್ರಸಾದ್: ಆ ನೋಂದಣಿಗೆ ಯಾರನ್ನು ಸೇರಿಸಿಕೊಂಡಿದ್ದರು ಎಂಬುದನ್ನು ಬಿಟ್ಟುಬಿಟ್ಟಿರಿ. ಮೂತ್ರದಲ್ಲಿ ದಿನಕ್ಕೆ ಅರ್ಧ ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರುತ್ತಿದ್ದವರು ಅಥವಾ ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಕೆಳಗಿಳಿದವರು ಮಾತ್ರ ಅದರಲ್ಲಿದ್ದಾರೆ. ರೋಗ ಬಲಿತವರನ್ನೇ ಆರಿಸಿ, ಅರ್ಧ ಜನ ಕೆಟ್ಟರು ಎಂದು ಹೆದರಿಸುವುದು ನ್ಯಾಯವಲ್ಲ.

ಮಧುಕರ_ಮೇಷ್ಟ್ರು: ರೋಗ ಬಲಿಯುವ ಮೊದಲೇ ಹಿಡಿಯಬೇಕೆಂದರೆ ಶಾಲೆಯಲ್ಲಿ ಮೂತ್ರ ಪರೀಕ್ಷೆ ನಡೆಯಲಿ. ಜಪಾನ್ 1974ರಿಂದ ಮಾಡುತ್ತಿದೆ; ತೈವಾನ್, ದಕ್ಷಿಣ ಕೊರಿಯಾ ಕೂಡ ಅದೇ ದಾರಿ ಹಿಡಿದವು. ನಮ್ಮ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹೇಗೂ ಶಾಲೆಗೆ ಬರುತ್ತದೆ. ಬಣ್ಣ ಬದಲಿಸಿ ದೋಷ ತೋರಿಸುವ ಒಂದು ಪರೀಕ್ಷಾ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡಲು ಎಷ್ಟು ಹೊತ್ತು ಬೇಕು?

ಶಿವಪ್ರಸಾದ್: ಪಟ್ಟಿ ಅದ್ದುವುದು ಸುಲಭ, ಮುಂದಿನದು ಕಷ್ಟ. ಜ್ವರ ಬಂದ ಮಗುವಿಗೂ, ಓಡಿ ಆಡಿ ಬಂದ ಮಗುವಿಗೂ ಮೂತ್ರದಲ್ಲಿ ಪ್ರೋಟೀನ್ ಕಾಣಿಸಬಹುದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೇ 2007ರಲ್ಲಿ ಈ ವಾಡಿಕೆಯ ಪರೀಕ್ಷೆಯ ಶಿಫಾರಸನ್ನು ಕೈಬಿಟ್ಟಿತು.

ಮಧುಕರ_ಮೇಷ್ಟ್ರು: ಅಮೆರಿಕದ ಮಾತು ಇಲ್ಲೇಕೆ? ಈ ಕಾಯಿಲೆ ಅಲ್ಲಿಗಿಂತ ಪೂರ್ವ ಏಷ್ಯಾದಲ್ಲಿ ಹೆಚ್ಚು.

ಶಿವಪ್ರಸಾದ್: ತುಮಕೂರು ಪೂರ್ವ ಏಷ್ಯಾದಲ್ಲಿಲ್ಲ, ಮೇಷ್ಟ್ರೇ.

ಮಧುಕರ_ಮೇಷ್ಟ್ರು: ಅಮೆರಿಕದಲ್ಲೂ ಇಲ್ಲ! ಮಕ್ಕಳ ವಿಷಯದಲ್ಲಿ ಹೀಗೆ ಮಾತಿಗೆ ಮಾತು ಜೋಡಿಸುವುದು ನಿಮಗೆ ಶೋಭೆಯಲ್ಲ. ಬೆಳಗಿನ ಮೊದಲ ಮೂತ್ರವನ್ನು ತರಿಸಿ, ಎರಡನೆಯ ಸಲವೂ ದೋಷ ಕಂಡರೆ ಮಾತ್ರ ಮುಂದಕ್ಕೆ ಕಳುಹಿಸಿದರೆ ನೀವು ಹೇಳಿದ ಓಟದ ತೊಡಕೂ ಇಲ್ಲ, ಜ್ವರದ ತೊಡಕೂ ಇಲ್ಲ.

ಶಿವಪ್ರಸಾದ್: ‘ಮುಂದಕ್ಕೆ’ ಎಂದರೆ ಎಲ್ಲಿಗೆ? ತಾಲ್ಲೂಕು ಆಸ್ಪತ್ರೆಯಲ್ಲಿ ಕಿಡ್ನಿ ತಜ್ಞರನ್ನು ತೋರಿಸಿ, ಆಮೇಲೆ ಪಟ್ಟಿ ಅದ್ದಿ.

ಲ್ಯಾಬ್‌ಬೆಂಚ್: ಇಬ್ಬರೂ ಶಾಲೆಯಲ್ಲೇ ನಿಂತುಬಿಟ್ಟಿರಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಕಾಯಿಲೆಯ 201 ರೋಗಿಗಳ ಬೆನ್ನು ಹತ್ತಿ ನಡೆಸಿದ ಅಧ್ಯಯನವಿದೆ. ಅವರು ಮಕ್ಕಳಲ್ಲ, ದೊಡ್ಡವರು.

ಶಿವಪ್ರಸಾದ್: 201 ಮಂದಿ, ಅದೂ ಒಂದೇ ಆಸ್ಪತ್ರೆ. ಇದರಿಂದ ದೇಶದ ಹೊರೆಯನ್ನು ಅಳೆಯುತ್ತೀರಾ? ಹೊರೆಯ ಮಾತಿಗೆ ಬಂದರೆ, ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಪ್ರಧಾನಮಂತ್ರಿ ಯೋಜನೆ 2016ರಿಂದಲೇ ಇದೆ.

ವೀಣಾ_ತುಮಕೂರು: ‘ಉಚಿತ’ ಎಂಬ ಮಾತನ್ನು ನಮ್ಮ ಮನೆಗೆ ಬಂದು ಹೇಳಿ. ಒಂದು ಸಲಕ್ಕೆ ನಾಲ್ಕು ತಾಸು ಯಂತ್ರದ ಮುಂದೆ, ಅದಕ್ಕೂ ಮುಂಚೆ ಬಸ್ಸು, ಜೊತೆಗೊಬ್ಬರು, ಇಬ್ಬರದೂ ಆ ದಿನದ ಕೂಲಿ ಹೋಯಿತು. ಮರುದಿನ ತಮ್ಮನಿಗೆ ಎದ್ದು ಕೂರಲೂ ಆಗುವುದಿಲ್ಲ. ಕಸಿ ಮಾಡಿಸಿದರೂ ಹೊಸ ಕಿಡ್ನಿಯಲ್ಲಿ ಇದೇ ಕಾಯಿಲೆ ಮರುಕಳಿಸಬಹುದೆಂದು ವೈದ್ಯರು ಹೇಳಿರುವುದರಿಂದ, ಕಿಡ್ನಿ ಕೊಡಲು ಸಿದ್ಧಳಾಗಿರುವ ಅಮ್ಮನನ್ನು ಒಪ್ಪಿಸುವುದೋ ತಡೆಯುವುದೋ ನಮಗೆ ತಿಳಿಯುತ್ತಿಲ್ಲ.

ಶಿವಪ್ರಸಾದ್: ನಿಮ್ಮ ಮನೆಯ ಕಷ್ಟವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಬಸ್ಸಿನ ಖರ್ಚು, ಕೂಲಿಯ ನಷ್ಟ ಡಯಾಲಿಸಿಸ್‌ಗೆ ಹೋಗುವ ಎಲ್ಲರಿಗೂ ಒಂದೇ. ಇದು ಐಜಿಎ ನೆಫ್ರೋಪತಿಗೆ ಬೇರೆ ಯೋಜನೆ ಬೇಕೆಂಬುದಕ್ಕೆ ಆಧಾರವಾಗದು.

ಮಧುಕರ_ಮೇಷ್ಟ್ರು: ಎಲ್ಲರಿಗೂ ಒಂದೇ ಎಂದಮೇಲೆ ಎಲ್ಲರಿಗೂ ಒಂದೇ ಪಟ್ಟಿ ಸಾಕು. ನನ್ನ ಶಾಲೆಯಿಂದಲೇ ಶುರುವಾಗಲಿ, ಪ್ರಸ್ತಾವ ಬರೆದು ಕೊಡಲು ನಾನು ಸಿದ್ಧ.

ಶಿವಪ್ರಸಾದ್: ಬರೆಯಿರಿ. ತಜ್ಞರೆಲ್ಲಿ ಎಂಬ ಕಾಲಂ ಖಾಲಿ ಬಿಡಬೇಡಿ.