ಮೂಗಿನ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಆರೈಕೆ ಹೇಗೆ?

ಪ್ರಶ್ನೆ: ತಂಗಿಗೆ ಮೂಗಿನ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯಾಗಿ ಮೂರು ದಿನಗಳಾದವು. ಅವಳ ಕಣ್ಣಿನ ಸುತ್ತ ಊದಿ ನೀಲಿಗಟ್ಟಿರುವುದನ್ನು ಕಂಡು ಅಮ್ಮ ಹೆದರಿದ್ದಾರೆ. ಇದು ಸಹಜವೇ?

ಉತ್ತರ 1: ಸಹಜವೇ. ಊತ ಮೊದಲ 2-3 ದಿನ ಹೆಚ್ಚಿ ನಂತರ ಇಳಿಯತೊಡಗುತ್ತದೆ. ದಿಂಬುಗಳಿಂದ ತಲೆಯನ್ನು ಎತ್ತರಿಸಿ ಅಂಗಾತ ಮಲಗಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಮೇಲಷ್ಟೇ ಇಡಿ, ಮೂಗಿನ ಮೇಲೆ ಒತ್ತಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಲಿ.

ಉತ್ತರ 2: ನನಗೆ ಒಂದು ವಾರಕ್ಕೆ ಪಟ್ಟಿ ತೆಗೆದಾಗ ಕನ್ನಡಿ ನೋಡಿ ಅತ್ತಿದ್ದೆ, ಏಕೆಂದರೆ ಮೂಗಿನ ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷವೂ ಹಿಡಿಯಬಹುದೆಂದು ಯಾರೂ ಹೇಳಿರಲಿಲ್ಲ. ದಯವಿಟ್ಟು ತಂಗಿಗೆ ಇದನ್ನು ಈಗಲೇ ತಿಳಿಸಿ.

ಉತ್ತರ 3: ರಕ್ತ ನಿಲ್ಲದಿದ್ದರೆ, ಜ್ವರ ಏರಿದರೆ ಅಥವಾ ದೃಷ್ಟಿ ಮಂಜಾದರೆ ತಡಮಾಡದೆ ಶಸ್ತ್ರವೈದ್ಯರನ್ನು ಕಾಣಿರಿ, ಅವರನ್ನು ಕೇಳದೆ ಆಸ್ಪಿರಿನ್ ಕೊಡಬೇಡಿ.